ಸೂಟ್‌ಕೇಸ್ ಬಿಚ್ಚಿದ್ದೀಯಾ?

ಯೆರೆಮೀಯ 29ನೇ ಅಧ್ಯಾಯ, 4ರಿಂದ 7ನೇ ವಚನ ತೆಗೆಯಿರಿ. ಫೋನಲ್ಲಿ ಓದೋರು ಫೋನೇ ತೆಗೀರಿ, ವಾಟ್ಸಾಪ್ ಮಾತ್ರ ಆಮೇಲೆ.

ಇದು ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಬರೆದದ್ದು. ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂತ ಸಾರಿದ್ದ. ಎಂಥಾ ಸಿಹಿ ಮಾತು! ಯೆರೆಮೀಯನೂ ಮೊದಲು ಆಮೆನ್ ಅಂದ, ನೋಡಿ. ಆದರೆ ದೇವರು ಹೇಳಿದ್ದು ಬೇರೆ: 70 ವರ್ಷ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆ ಆಗಿ. ಆಮೇಲೆ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಯಾವ ಊರು? ಅವರನ್ನ ಬೇರು ಸಮೇತ ಕಿತ್ತು ತಂದ ಊರು!

ಹೋದ ತಿಂಗಳು ಒಬ್ಬ ತಮ್ಮ ಪ್ರಾರ್ಥನೆಗೆ ಬಂದಿದ್ದ. ರಾಯಚೂರಿನ ಹುಡುಗ. ವಿಜಯನಗರದಲ್ಲಿ ಪಿಜಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ನ್‌ಶಿಪ್. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗೋ ಮೊದಲು ಸಿಲ್ಕ್ ಬೋರ್ಡ್ ದಾಟಿದವರಿಗೆ ಗೊತ್ತು, ಇದೂ ಕೃಪೆಯೇ. ಅವನು ಅಂದ: "ಪಾಸ್ಟರ್, ಆರು ತಿಂಗಳ ಹ್ಯಾಂಗರ ಕಳದ್ರ ಸಾಕ್ರಿ." ಬಂದು ಏಳು ವಾರ ಆಗಿತ್ತು, ಮಂಚದ ಕೆಳಗೆ ಸೂಟ್‌ಕೇಸ್ ಇನ್ನೂ ಬಿಚ್ಚಿರಲಿಲ್ಲ. ಬೇಕಾದ ಅಂಗಿ ಎಳ್ಕೊಳ್ಳೋದು, ಮತ್ತೆ ಜಿಪ್ ಹಾಕೋದು. ಆಫೀಸಲ್ಲಿ ಅವನ ಮಾತಿನ ಧಾಟಿಗೆ ಯಾರೋ ನಕ್ಕಿದ್ರಂತೆ. ಅವತ್ತಿಂದ ಮೀಟಿಂಗಲ್ಲಿ ಬಾಯೇ ಬಿಟ್ಟಿಲ್ಲ.

ನಾನು ಅವನಿಗೆ ದಾನಿಯೇಲನನ್ನ ತೋರಿಸಿದೆ. ಅವನದೂ ಒಂಥರಾ ಇಂಟರ್ನ್‌ಶಿಪ್ಪೇ, ಮೂರು ವರ್ಷದ್ದು! ಬಾಬೆಲಿನವರು ಅವನ ಧಾಟಿಗೆ ನಗೋದಿರಲಿ, ಹೆಸರನ್ನೇ ಬದಲಾಯಿಸಿಬಿಟ್ಟರು. ಅವನು ಅವರ ಭಾಷೆ ಕಲಿತ, ಅವರ ವಿದ್ಯೆ ಕಲಿತ. ಊಟದ ವಿಷಯಕ್ಕೆ ಬಂದಾಗ ಮಾತ್ರ ನಿಂತ. ಅದೂ ಜಗಳ ಆಡಲಿಲ್ಲ. ಮೇಲಧಿಕಾರಿ ಹೆದರಿ ಹಿಂದೇಟು ಹಾಕಿದ. ಆಗ ಕೆಳಗಿನ ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂದ. ಕಾಯಿಪಲ್ಯ, ನೀರು, ಅಷ್ಟೇ. ಶುಕ್ರವಾರ ಸಂಜೆ ಟೀಮ್ ಪಾರ್ಟಿಯಲ್ಲಿ ಗ್ಲಾಸ್ ಮುಂದೆ ಬಂದಾಗ ನಿಮಗೂ ಇಷ್ಟೇ ಸಾಕು: ನಗುಮುಖದಿಂದ "ನನಗೆ ಬೇಡ ಸರ್". ಭಾಷಣ ಬೇಡ. ಮಾರನೇ ಸೋಮವಾರ ಕೆಲಸ ಚೆನ್ನಾಗಿ ಮಾಡಿ.

"ಪಾಸ್ಟರ್, ಅವರದು 70 ವರ್ಷ, ನಮ್ಮದು ಆರೇ ತಿಂಗಳಲ್ವಾ?" ಅಂತೀರಿ. ಆರು ತಿಂಗಳು ಅಂದ್ರೆ 26 ಭಾನುವಾರ. ಅಷ್ಟು ದಿನ ಸಭೆ ಇಲ್ಲದೆ, ಸ್ನೇಹಿತರಿಲ್ಲದೆ, ಪಕ್ಕದ ಬೆಡ್‌ನವನ ಹೆಸರೂ ಗೊತ್ತಿಲ್ಲದೆ ಇದ್ದರೆ ಆತ್ಮ ಒಣಗದೆ ಏನಾಗುತ್ತೆ?

ಮೆಟ್ರೋದಲ್ಲಿ ದಿನಾ ಹತ್ತು ಅಧ್ಯಾಯ ಓದಿ ಅಂತ ನಾನು ಹೇಳಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಕೈ ಎತ್ತೋಕೂ ಜಾಗ ಇರಲ್ಲ, ನನಗೂ ಗೊತ್ತು. ಕಣ್ಣು ಇದೆಯಲ್ಲ? ಬ್ಯಾಗ್ ತಪಾಸಣೆ ಹತ್ತಿರ ಗಂಟೆಗಟ್ಟಲೆ ನಿಂತಿರೋ ಆ ಅಕ್ಕ. ನಿಂತಲ್ಲೇ ತೂಕಡಿಸೋ ಅಣ್ಣ. ಒಬ್ಬೊಬ್ಬರಿಗಾಗಿ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿ. ಊರು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರಿ ಅಂತ ದೇವರೇ ಹೇಳಿದ್ದಾರೆ. ಒಂದು ಸಿಗ್ನಲ್ ಕೆಟ್ಟರೆ ನಿಮ್ಮ ಹಾಜರಾತಿಯೂ ಹೋಯ್ತು, ಅಲ್ವಾ!

ಆ ತಮ್ಮ ಇವತ್ತು ಇಲ್ಲೇ ಇದ್ದಾನೆ, ಹೆಸರು ಹೇಳಲ್ಲ. ಮೊನ್ನೆ ಒಂದು ಫೋಟೋ ಕಳಿಸಿದ್ದ: ಗೋಡೆಯ ಮೊಳೆಗೆ ನಾಲ್ಕು ಅಂಗಿ ತೂಗುಹಾಕಿದ್ದು. ಸ್ತೋತ್ರ!

ಈ ಮೂರು ತಿಂಗಳಲ್ಲಿ ಈ ಊರಿಗೆ ಬಂದವರು ಎದ್ದು ನಿಲ್ಲಿ. ನಾಚಿಕೆ ಬೇಡ. ಅಕ್ಕಪಕ್ಕದವರೇ, ಅವರ ಏರಿಯಾ ಯಾವುದು ಕೇಳಿ, ನಂಬರ್ ತಗೊಳ್ಳಿ, ಈ ವಾರ ಒಂದು ಊಟಕ್ಕೆ ಕರೀರಿ. ಈಗ ಅವರ ಹೆಗಲ ಮೇಲೆ ಕೈ ಇಡಿ, ಎಲ್ಲರೂ ಸ್ವರ ಎತ್ತಿ ಪ್ರಾರ್ಥಿಸೋಣ.