ನೆರವು, ಹೊರೆ ಮತ್ತು ಕಡಲಯಾನ

ನಡೆಯಲಾರದವರು ತೀರ್ಥಯಾತ್ರೆಗೆ ಹೊರಟರೆ ನಮ್ಮ ಸಮಾಜ ಸಂತೋಷದಿಂದ ಕೈಜೋಡಿಸುತ್ತದೆ. ಶಬರಿಮಲೆಯ ಏರುದಾರಿಯಲ್ಲಿ ಡೋಲಿಯಲ್ಲಿ ಕುಳಿತು ಸಾಗುವ ವೃದ್ಧರನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅಂಥವರೇ ‘ನನಗೊಮ್ಮೆ ಹಡಗಿನಲ್ಲಿ ಹೋಗಿ ದ್ವೀಪಗಳನ್ನು ನೋಡಬೇಕು’ ಎಂದರೆ, ‘ಈ ಸ್ಥಿತಿಯಲ್ಲಿ ಅದೆಲ್ಲ ಯಾಕೆ?’ ಎಂಬ ಮಾತು ಮನೆಯೊಳಗಿನಿಂದಲೇ ಬರುತ್ತದೆ. ಪುಣ್ಯಕ್ಕಾಗಿ ಬಾಗುವ ಹೆಗಲು ಸಂತೋಷಕ್ಕಾಗಿ ಏಕೆ ಬಾಗದು? ಅನ್ನ, ಔಷಧ, ಆಸರೆ ಇಷ್ಟು ದೊರೆತರೆ ಅಂಗವೈಕಲ್ಯವುಳ್ಳವರಿಗೆ ಸಾಕು, ವಿಹಾರವೆಂಬುದು ಕಾಲು ಗಟ್ಟಿಯಿದ್ದವರ ಸೊತ್ತು ಎಂಬ ಭಾವನೆ ನ್ಯಾಯವೇ?

ನಮ್ಮ ನಿವೃತ್ತ ಅಧ್ಯಾಪಕರ ಬಳಗದ ಹಿರಿಯರೊಬ್ಬರು ಗಾಲಿಕುರ್ಚಿಯನ್ನು ಅವಲಂಬಿಸಿದವರು. ಕೊಚ್ಚಿಯಿಂದ ಹಡಗೇರಿ ಲಕ್ಷದ್ವೀಪಕ್ಕೆ ಹೋಗಬೇಕೆಂಬುದು ಅವರ ಬಹುಕಾಲದ ಆಸೆ. ಕಾಸರಗೋಡಿನವರಾದ ನಮಗೆ ಆ ದ್ವೀಪಗಳು ತೀರ ಅನ್ಯವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು ನಮ್ಮ ತಾಲೂಕಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತ ಪ್ರದೇಶದ ಪಾಲಾದವು.

ಮೇಷ್ಟ್ರು ಸಿದ್ಧತೆಯನ್ನು ಪಾಠದ ಟಿಪ್ಪಣಿಯಷ್ಟೇ ಶ್ರದ್ಧೆಯಿಂದ ಮಾಡಿದರು. ಕ್ಯಾಬಿನ್ನಿನ ಬಾಗಿಲು ಎಷ್ಟು ಅಗಲ? ಶೌಚಾಲಯದ ಹೊಸ್ತಿಲು ಎಷ್ಟು ಎತ್ತರ? ಭರತ ಇಳಿತಗಳಿಗೆ ತಕ್ಕಂತೆ ಹಡಗಿನ ಏಣಿಹಲಗೆಯ ಓರೆ ಬದಲಾಗುವುದರಿಂದ, ಹತ್ತುವ ಹೊತ್ತು ಯಾವುದು? ಅಪಾಯದ ವೇಳೆ ಲಿಫ್ಟ್ ಬಳಸುವಂತಿಲ್ಲ. ಆಗ ಮೇಲಿನ ಅಂತಸ್ತಿಗೆ ಹೋಗುವುದು ಹೇಗೆ? ಹವಳದ ದಿಬ್ಬಗಳಿಂದಾಗಿ ದೊಡ್ಡ ಹಡಗು ಹಲವು ದ್ವೀಪಗಳ ದಡ ಮುಟ್ಟದೆ ಹೊರಗೇ ನಿಲ್ಲುತ್ತದೆ. ಅಲ್ಲಿ ತೂಗಾಡುವ ದೋಣಿಗೆ ಇಳಿಯಬೇಕು. ಅದಕ್ಕೆ ಏನು ಏರ್ಪಾಡು? ಇಷ್ಟಕ್ಕೂ ಪ್ರವಾಸದ ಏಜೆಂಟರ ಉತ್ತರ ಒಂದೇ: ‘ಚಿಂತೆ ಮಾಡಬೇಡಿ ಸರ್, ನಮ್ಮ ಹುಡುಗರು ಎತ್ತಿಕೊಂಡು ಹೋಗುತ್ತಾರೆ.’ ಮೇಷ್ಟ್ರು ನನ್ನೊಡನೆ ಹೇಳಿದರು: ‘ನಾನು ಕೇಳಿದ್ದು ಬಾಗಿಲಿನ ಅಳತೆ, ಅವರು ಕೊಟ್ಟದ್ದು ಕರುಣೆ.’

ಕರುಣೆ ದೊಡ್ಡ ಗುಣವೇ. ಆದರೆ ಅದು ಕೊಡುವವನ ಮನಸ್ಸನ್ನು ಅವಲಂಬಿಸಿದೆ; ಇಂದು ಇದ್ದು ನಾಳೆ ಇಲ್ಲದಿರಬಹುದು. ಪಡೆಯುವವನು ಪ್ರತಿ ಹೊಸ್ತಿಲಲ್ಲೂ ಋಣಿಯಾಗಬೇಕು. ವ್ಯವಸ್ಥೆ ಹಾಗಲ್ಲ. ಇಳಿಜಾರು ದಾರಿಯಲ್ಲಿ ಸಾಗುವವನು ಯಾರಿಗೂ ಕೈಮುಗಿಯಬೇಕಿಲ್ಲ. ವಿಶ್ವಸಂಸ್ಥೆಯ 2006ರ ಒಡಂಬಡಿಕೆ ವಿಹಾರ, ವಿರಾಮಗಳಲ್ಲಿ ಪಾಲ್ಗೊಳ್ಳುವುದನ್ನೂ ಹಕ್ಕೆಂದು ಎಣಿಸಿದ್ದು ಈ ಕಾರಣಕ್ಕೆ. ಭಾರತ ಅದನ್ನು 2007ರಲ್ಲಿ ಒಪ್ಪಿಕೊಂಡಿತು. 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಮಾಡಿತು.

‘ಕೆಲವರಿಗಾಗಿ ಎಲ್ಲರೂ ಏಕೆ ವೆಚ್ಚ ಭರಿಸಬೇಕು?’ ಎಂದು ಕೇಳುವವರುಂಟು. ಇಳಿಜಾರು ಹಲಗೆಯ ಮೇಲೆ ಗಾಲಿಕುರ್ಚಿಯಷ್ಟೇ ಅಲ್ಲ, ಮಗುವಿನ ತಳ್ಳುಬಂಡಿಯೂ ಹಮಾಲಿಯ ಗಾಡಿಯೂ ಮಂಡಿನೋವಿನ ಅಜ್ಜಿಯೂ ಸಾಗುತ್ತಾರೆ. ಎಪ್ಪತ್ತು ದಾಟಿದ ನನ್ನಂಥವರಿಗೆ ಆ ‘ಕೆಲವರು’ ದೂರದ ಜನರಲ್ಲ.

ಆದರೂ ಕಡಲನ್ನು ಕಾಯ್ದೆಯಿಂದ ಸಮತಟ್ಟು ಮಾಡಲಾಗದು. ಅಲೆ ಏಳುವಾಗ ದೋಣಿಗೆ ಇಳಿಸುವವನದೂ ಒಂದು ದೇಹವೇ; ಅವನಿಗೂ ಬೆನ್ನಿದೆ, ಮನೆಯಿದೆ. ನನ್ನ ಹಕ್ಕು ಅವನ ಪ್ರಾಣವನ್ನು ಪಣಕ್ಕಿಡಲಾರದು. ವ್ಯವಸ್ಥೆ ಮುಗಿದಲ್ಲಿ ಮನುಷ್ಯರ ಪರಸ್ಪರ ಧರ್ಮ ಆರಂಭವಾಗುತ್ತದೆ. ಒಯ್ಯುವವರು ಅನುಕೂಲ, ಅನನುಕೂಲಗಳನ್ನು ಮರೆಮಾಚದೆ ಹೇಳಬೇಕು. ಹೋಗುವವರು ತಮ್ಮ ಅಗತ್ಯವನ್ನು ಸಂಕೋಚವಿಲ್ಲದೆ ಮುಂಚಿತವಾಗಿ ತಿಳಿಸಬೇಕು. ಸುರಕ್ಷತೆಗಾಗಿ ‘ಆಗದು’ ಎನ್ನಬೇಕಾಗಿ ಬಂದರೆ ಕಾರಣವನ್ನು ವಿವರಿಸಬೇಕು. ಹಡಗಿನ ಪ್ರಯಾಣಿಕರ ಬಗೆಗಿನ ಯುರೋಪಿನ 2010ರ ನಿಯಮ ಇದನ್ನೇ ವಿಧಿಸುತ್ತದೆ. ಎತ್ತುವವನು ಮೊದಲು ‘ಹೇಗೆ ಹಿಡಿಯಲಿ?’ ಎಂದು ಕೇಳಬೇಕು. ಕೇಳಿ ಎತ್ತಿದರೆ ಅದು ನೆರವು; ಕೇಳದೆ ಎತ್ತಿದರೆ ಮನುಷ್ಯ ಸಾಮಾನಾಗುತ್ತಾನೆ.

ಮೇಷ್ಟ್ರು ಎಲ್ಲವನ್ನೂ ತೂಗಿ ನಿರ್ಧರಿಸಿದ್ದಾರೆ: ಮಳೆಗಾಲ ಕಳೆದ ಮೇಲೆ ಹೊರಡುವುದು, ದೋಣಿಗೆ ಇಳಿಯುವುದು ಕ್ಷೇಮವಲ್ಲವೆಂದು ನಾವಿಕರು ಹೇಳಿದ ದ್ವೀಪವನ್ನು ಹಡಗಿನಿಂದಲೇ ನೋಡುವುದು. ‘ಇಳಿಯಬಾರದೆಂದು ನಾನೇ ತೀರ್ಮಾನಿಸಿದರೆ ನನಗೆ ಬೇಸರವಿಲ್ಲ. ನನ್ನನ್ನು ಕೇಳದೆ ಮನೆಯಲ್ಲೇ ಕೂರಿಸಿದರೆ ಮಾತ್ರ ಬೇಸರ’ ಎಂಬುದು ಅವರ ಮಾತು.

ಹಡಗಿನ ವಿಚಾರ ದೂರದ್ದೆನಿಸಿದರೆ ನಮ್ಮ ಸಾಹಿತ್ಯ ಸಮ್ಮೇಳನಗಳ ವೇದಿಕೆಯನ್ನೇ ನೋಡೋಣ. ಹಿರಿಯ ಲೇಖಕರನ್ನು ಕುರ್ಚಿಸಮೇತ ನಾಲ್ವರು ಎತ್ತಿ ಮೇಲೇರಿಸಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆ ಯಾರಿಗೆ, ಸನ್ಮಾನಿತರಿಗೋ ಎತ್ತಿದವರಿಗೋ? ಎರಡು ಹಲಗೆ ಜೋಡಿಸಿ ಒಂದು ಇಳಿಜಾರು ಮಾಡಲು ನಮ್ಮೂರಿನ ಬಡಗಿಗೆ ಅರ್ಧ ದಿನದ ಕೆಲಸ. ಮುಂದಿನ ಸಮ್ಮೇಳನದ ಸಿದ್ಧತೆಯ ಪಟ್ಟಿಯಲ್ಲಿ ಹಾರ, ಶಾಲುಗಳಿಗಿಂತ ಮೊದಲು ಅದನ್ನು ಬರೆದುಕೊಳ್ಳೋಣ.