ಬಟನ್ ಒತ್ತಿದ ಕೈ

ವಿಡಿಯೊ ಗೇಮ್‌ಗಳಲ್ಲೂ ಮುಗಿಯುವಂಥವು ಇವೆ ಎಂದರೆ ನನ್ನ ಓರಗೆಯ ಎಷ್ಟೋ ಮಂದಿ ನಂಬುವುದಿಲ್ಲ. ಅವರು ಕಂಡಿರುವುದು ಫೋನಿನ ಆಟ. ಸಂಜೆ ಹೊತ್ತು ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಗೆ ಮೊದಲು ಬಸ್ಸು ನಿಂತುಬಿಟ್ಟಾಗ ಸುತ್ತಲೂ ಅದೇ ಕಾಣುತ್ತದೆ. ಒಬ್ಬರು ಲೂಡೊ ದಾಳ ಉರುಳಿಸುತ್ತಿರುತ್ತಾರೆ, ಇನ್ನೊಬ್ಬರು ಬಣ್ಣದ ಮಿಠಾಯಿ ಜೋಡಿಸುತ್ತಿರುತ್ತಾರೆ, ಕಿಟಕಿ ಪಕ್ಕದ ಹುಡುಗ ಪ್ಯಾರಾಚೂಟಿನಲ್ಲಿ ಇಳಿದು ಬಂದೂಕು ಹುಡುಕುತ್ತಿರುತ್ತಾನೆ. ಈ ಆಟಗಳಿಗೆ ಕೊನೆ ಇಡುವುದಿಲ್ಲ. ಕೊನೆ ಇಟ್ಟರೆ ಆಡುವವರು ಎದ್ದು ಹೋಗುತ್ತಾರೆ, ವ್ಯಾಪಾರ ನಿಲ್ಲುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತು ಬೇರೆಯೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸಿ ಕಾನೂನು ಮಾಡಿತು, ಅದು ಆಗಬೇಕಾದದ್ದೇ.

ಕಾದಂಬರಿಯ ಹಾಗೆ ಶುರುವಾಗಿ, ಬೆಳೆದು, ಮುಗಿದುಹೋಗುವ ಆಟಗಳ ಬಳಗ ಇನ್ನೊಂದಿದೆ. ಅಂಥ ಮೂರನ್ನು ಈಚೆಗೆ ಆಡಿ ಮುಗಿಸಿದೆ. ಹಚ್ಚಿಕೊಟ್ಟವನು ಯಲಹಂಕ ಉಪನಗರದಲ್ಲಿರುವ ಅಕ್ಕನ ಮಗ. “ಮಾಮ, ನೀವು ಇಷ್ಟೊಂದು ಕಥೆ ಓದ್ತೀರ, ಇವನ್ನೂ ಒಂದ್ಸಲ ನೋಡಿ” ಎಂದು ತನ್ನ ಪ್ಲೇಸ್ಟೇಷನ್ ನಮ್ಮ ಮನೆಯಲ್ಲಿಟ್ಟು ಹಾಸ್ಟೆಲಿಗೆ ಹೋದ. ನಾನು ಹುಡುಗನಾಗಿದ್ದಾಗ ಆರ್.ಟಿ. ನಗರದ ಒಂದು ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಮಾರಿಯೊ, ಕಾಂಟ್ರಾ ಆಡುತ್ತಿದ್ದೆವು. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು ಊದಿ ಮತ್ತೆ ಸಿಕ್ಕಿಸುವುದು. ಆಗ ಮುಗಿಯುತ್ತಿದ್ದದ್ದು ಗಂಟೆ, ಆಟ ಅಲ್ಲ. ಆದ್ದರಿಂದ ಒಂದು ಆಟವನ್ನು ಕೊನೆಯವರೆಗೂ ಆಡುವುದು ನನಗೆ ಹೊಸ ಅನುಭವವೇ.

ಮನಸ್ಸಿನಲ್ಲಿ ಬಹಳ ದಿನ ನಿಂತದ್ದು ‘ರೆಡ್ ಡೆಡ್ ರಿಡೆಂಪ್ಷನ್ 2’. 2018ರ ಅಕ್ಟೋಬರ್‌ನಲ್ಲಿ ಬಂದ ಆಟ. ಹಳೆಯದಾದ್ದರಿಂದ ಕಥೆ ಬಿಚ್ಚಿ ಹೇಳುತ್ತೇನೆ. ಕಾಲ 1899, ಜಾಗ ಅಮೆರಿಕ. ಕಾನೂನು ಬೆನ್ನಟ್ಟಿರುವ ದರೋಡೆಕೋರರ ಗುಂಪೊಂದು ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಜೌಗಿಗೆ ಓಡುತ್ತಲೇ ಇರುತ್ತದೆ. ಆ ಗುಂಪಿನ ಬಲಗೈ ಆರ್ಥರ್ ಮಾರ್ಗನ್. ಅವನನ್ನು ನಡೆಸುವವರು ನಾವು. ಕುದುರೆಗೆ ಮೈ ಉಜ್ಜಬೇಕು, ಮೀನು ಹಿಡಿಯಬೇಕು, ಗಡ್ಡ ಬೆಳೆದರೆ ಬೋಳಿಸಬೇಕು. ರೈಲು ದರೋಡೆಯೂ ಇದೆ. ಇಷ್ಟು ನಿಧಾನದ ಆಟವನ್ನು ಈಗಿನ ಹುಡುಗರು ಹೇಗೆ ಸಹಿಸುತ್ತಾರೋ ಎಂದುಕೊಂಡಿದ್ದೆ. ಆ ನಿಧಾನದಲ್ಲೇ ಅದು ನಮ್ಮನ್ನು ಹಿಡಿದು ಹಾಕುತ್ತದೆ.

ಗುಂಪಿನಲ್ಲಿ ಸ್ಟ್ರಾಸ್ ಎಂಬ ಲೆಕ್ಕದವನಿದ್ದಾನೆ. ಕಷ್ಟದಲ್ಲಿರುವ ಜನರಿಗೆ ಹೆಚ್ಚಿನ ಬಡ್ಡಿಗೆ ಸಾಲ ಕೊಡುವುದು ಅವನ ಕಸುಬು, ವಸೂಲಿ ಆರ್ಥರನದು. ಸಾಲಗಾರರಲ್ಲಿ ಒಬ್ಬ ಥಾಮಸ್ ಡೌನ್ಸ್, ಸಣ್ಣ ಹಿಡುವಳಿಯ ರೈತ, ಮೊದಲಿನಿಂದಲೂ ಕೆಮ್ಮುತ್ತಿರುವವನು. ಅವನ ಹೊಲಕ್ಕೆ ಹೋಗಿ ಕೊರಳಪಟ್ಟಿ ಹಿಡಿಯುತ್ತೇವೆ. ಹೊಡೆಯಲು ಯಾವ ಬಟನ್ ಒತ್ತಬೇಕೆಂದು ತೆರೆಯ ಮೂಲೆಯಲ್ಲಿ ತೋರಿಸುತ್ತದೆ. ಒತ್ತಿದೆ. ಅವನು ಕೆಮ್ಮಿದ ರಕ್ತ ಆರ್ಥರನ ಮುಖದ ಮೇಲೆ ಬಿತ್ತು. ಹೆಂಡತಿ, ಮಗ ಓಡಿ ಬಂದರು. ಆರ್ಥರ್ ಮುಖ ಒರೆಸಿಕೊಂಡ, ನಾನು ಕುದುರೆ ಹತ್ತಿಸಿದೆ, ಆಟ ಮುಂದೆ ಹೋಯಿತು.

ಇದಾಗಿ ಎಷ್ಟೋ ದಿನಗಳ ಆಟ ಕಳೆದ ಮೇಲೆ ಆರ್ಥರ್ ಪೇಟೆಯ ಬೀದಿಯಲ್ಲಿ ಕುಸಿದು ಬೀಳುತ್ತಾನೆ. ವೈದ್ಯರು ನೋಡಿ ಕ್ಷಯ ಎನ್ನುತ್ತಾರೆ. ಬೆಚ್ಚಗಿನ ಒಣ ಹವೆ ಇರುವ ಕಡೆ ಹೋಗು, ವಿಶ್ರಾಂತಿ ತಗೊ ಎನ್ನುವುದಕ್ಕಿಂತ ಹೆಚ್ಚಿನದು ಅವರ ಕೈಯಲ್ಲಿಲ್ಲ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1943ರಲ್ಲಿ. ನಡುವಿನ ಅರವತ್ತು ವರ್ಷಗಳಲ್ಲಿ ಕಾಯಿಲೆಯ ಹೆಸರು ಗೊತ್ತಿತ್ತು, ಮದ್ದು ಇರಲಿಲ್ಲ. ಆರ್ಥರ್ ಸಿಕ್ಕಿಬಿದ್ದದ್ದು ಆ ಸಂದಿಯಲ್ಲಿ.

ಸಿನಿಮಾದಲ್ಲಾಗಿದ್ದರೆ ಆ ವಸೂಲಿಯ ದೃಶ್ಯ ನೋಡಿ ನಾಯಕನನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಇಲ್ಲಿ ಹಾಗಾಗಲಿಲ್ಲ. ಹೊಡೆದ ಬೆರಳು ನನ್ನದು. ಆಟ ಬೇರೆ ದಾರಿ ಕೊಟ್ಟಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಆರ್ಥರನೂ ಅದನ್ನೇ ಹೇಳುತ್ತಿದ್ದ: ನನ್ನ ಕೆಲಸ, ಮಾಡಿದೆ. 2025ರ ಜನವರಿಯಲ್ಲಿ ನಮ್ಮ ಪತ್ರಿಕೆಗಳಲ್ಲಿ ದಿನವೂ ಓದಿದ್ದು ನೆನಪಾಯಿತು. ಮೈಕ್ರೊ ಫೈನಾನ್ಸ್ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಜೀವ ಕಳೆದುಕೊಂಡವರು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆಗ ನಾವೆಲ್ಲ ಸಾಲಗಾರರ ಕಡೆ ನಿಂತು ಓದಿದೆವು, ಸರಿಯಾಗಿಯೇ ಓದಿದೆವು. ಬಾಗಿಲು ಬಡಿಯಲು ಬೈಕಿನಲ್ಲಿ ಬಂದ ಹುಡುಗನ ಒಳಗೆ ಏನಿತ್ತು ಎಂದು ನಾನು ಯೋಚಿಸಿರಲಿಲ್ಲ. ಅವನಿಗೂ ತಿಂಗಳ ಗುರಿ ಇರುತ್ತದೆ, ಮೇಲಿನವನ ಫೋನು ಇರುತ್ತದೆ, ಮನೆಯಲ್ಲಿ ಬಾಡಿಗೆ ಕಟ್ಟುವುದಿರುತ್ತದೆ. ಅದರಿಂದ ಅವನು ಮಾಡಿದ್ದು ಹಗುರಾಗುವುದಿಲ್ಲ. ಆದರೆ ಆ ಬಾಗಿಲ ಮುಂದೆ ನಿಂತ ಕೈ ಯಾರದಾದರೂ ಆಗಬಹುದು, ನನ್ನದೂ ಆಗಬಹುದು ಎಂಬುದನ್ನು ಈ ಆಟ ಹೊಡೆತದ ಹಾಗೆ ತಿಳಿಸಿತು.

ಕೆಮ್ಮಿನ ವಿಷಯಕ್ಕೆ ಬಂದರೆ, ಬಳ್ಳಾರಿ ರಸ್ತೆಯಲ್ಲಿ ಓಡಾಡುವ ನಮಗೆ ಅದು ದೂರದ ಸಂಗತಿಯಲ್ಲ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವುದು ಆ ರಸ್ತೆಯಲ್ಲೇ. 1959ರಲ್ಲಿ ಶುರುವಾದದ್ದು, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲಿಯ ಕೆಲಸದಿಂದ. ಆ ಕೆಲಸದ ಒಂದು ಮುಖ್ಯ ಅಧ್ಯಯನ ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರನ್ನು ಹುಡುಕಿ ಎಳೆದು ತರಬೇಕು ಎಂಬ ಗ್ರಹಿಕೆಯನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಆ ಅಧ್ಯಯನ ಅಲುಗಾಡಿಸಿತು. ಕ್ಷಯ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಕೊರತೆ ಇದ್ದದ್ದು ಕೇಳಿಸಿಕೊಳ್ಳುವವರ ಕಡೆ. ಡೌನ್ಸ್ ಕೂಡ ಎಲ್ಲರ ಮುಂದೆಯೇ ಕೆಮ್ಮಿದ್ದ. ಸಾಲದ ಲೆಕ್ಕ ಹಿಡಿದು ಹೋದ ನನಗೆ ಕೇಳಿಸಲಿಲ್ಲ.

ಆರ್ಥರ್ ಕೊನೆಗೆ ಸ್ಟ್ರಾಸನನ್ನು ಬಿಡಾರದಿಂದ ಹೊರದಬ್ಬುತ್ತಾನೆ. ಡೌನ್ಸನ ವಿಧವೆಗೂ ಮಗನಿಗೂ ನೆರವಾಗುವ ಅವಕಾಶ ನಮಗೆ ಸಿಗುತ್ತದೆ. ಆರ್ಥರ್ ಹೇಗೆ ಸಾಯುತ್ತಾನೆ ಎಂಬುದು ಅಲ್ಲಿಯವರೆಗೆ ನಾವು ನಡೆದುಕೊಂಡ ರೀತಿಯ ಮೇಲೆ ನಿಂತಿದೆ, ಸಾಯುವುದಂತೂ ತಪ್ಪದು. ಅಲ್ಲಿಗೆ ಮುಗಿಯಿತೆಂದು ಕೈ ಸಡಿಲಿಸಿದರೆ ಮುಗಿದಿರುವುದಿಲ್ಲ. ಆಟ ಅವನ ಗೆಳೆಯ ಜಾನ್ ಮಾರ್ಸ್ಟನ್‌ನ ಕೈಗೆ ಹೋಗುತ್ತದೆ. ಜಾನ್ ಬ್ಯಾಂಕಿನಲ್ಲಿ ಸಾಲ ತೆಗೆದು ಜಮೀನು ಕೊಳ್ಳುತ್ತಾನೆ, ಹೆಂಡತಿ ಮಗನಿಗಾಗಿ ಮನೆ ಕಟ್ಟುತ್ತಾನೆ. ಒಂದೊಂದು ಮೊಳೆಗೂ ನಾವು ಬಟನ್ ಒತ್ತಬೇಕು. ಹೊಡೆದ ಕೈಯಿಂದಲೇ ಮೊಳೆ ಹೊಡೆಸುವ ಈ ಭಾಗ ಎಳೆದಂತಾಯಿತು ಎಂದು ಅಕ್ಕನ ಮಗ ಫೋನಿನಲ್ಲಿ ಹೇಳಿದ. ನನಗೆ ಇಡೀ ಆಟದಲ್ಲಿ ಅದಕ್ಕಿಂತ ಬೇಕಾದ ಭಾಗ ಇನ್ನೊಂದಿಲ್ಲ.

ಅದೇ 2018ರ ಅದೇ ಅಕ್ಟೋಬರ್‌ನಲ್ಲಿ ಬಂದದ್ದು ‘ರಿಟರ್ನ್ ಆಫ್ ದಿ ಒಬ್ರಾ ಡಿನ್’. ಲೂಕಸ್ ಪೋಪ್ ಎಂಬ ಒಬ್ಬರೇ ಕೂತು ಕಟ್ಟಿದ್ದು, ಪೂರ್ತಿ ಕಪ್ಪು ಬಿಳುಪು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಜನರಿಲ್ಲದೆ ಬಂದರಿಗೆ ಮರಳುತ್ತದೆ; ಹಡಗಿನ 60 ಮಂದಿ ಯಾರು, ಯಾರಿಗೆ ಏನಾಯಿತು ಎಂದು ವಿಮೆಯ ಲೆಕ್ಕ ಬರೆಯುವುದು ನಮ್ಮ ಕೆಲಸ. ಮೂವರ ಗತಿ ಸರಿಯಾಗಿ ಬರೆದಾಗ ಮಾತ್ರ ಆಟ ಒಪ್ಪುತ್ತದೆ, ಊಹೆ ಹೊಡೆಯಲು ಬಿಡುವುದಿಲ್ಲ. ಹಡಗಿನಲ್ಲಿ ಭಾರತದ ನಾವಿಕರಿದ್ದಾರೆ. ಅವರಲ್ಲಿ ಇಬ್ಬರು ಚಳಿಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಾರೆ. ಯುದ್ಧ, ದಂಗೆ, ಸಮುದ್ರದ ಭೂತಗಳ ನಡುವೆ ಆ ಎರಡು ಸಾವು ಯಾರ ಕಣ್ಣಿಗೂ ಬೀಳುವಂಥವಲ್ಲ. ಆದರೆ ಅವರಿಬ್ಬರ ಹೆಸರನ್ನೂ ಸರಿಯಾಗಿ ಬರೆಯದೆ ಲೆಕ್ಕ ಪೂರ್ತಿಯಾಗುವುದಿಲ್ಲ. ಒಂದು ನೋಟ್‌ಬುಕ್ ತುಂಬ ಗುರುತು ಹಾಕಿಕೊಂಡು ಹುಡುಕಿದೆ.

ಮೂರನೆಯದು ‘ವೆಣ್ಬಾ’, 2023ರ ಜುಲೈನಲ್ಲಿ ಬಂದದ್ದು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಹಿಂಸೆ ಎಂಬುದೇ ಇಲ್ಲ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿಯ ಕಥೆ. ಮಾಡಿದವರು ಟೊರಾಂಟೊದ ವಿಸೈ ಗೇಮ್ಸ್. ಹೆಂಡತಿಗೆ ಅವಳ ತಾಯಿ ಕೊಟ್ಟ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು, ಶಾಯಿ ಅಳಿಸಿ ಹೋಗಿದೆ. ಉಳಿದ ಸಾಲುಗಳಿಂದ ಅಡುಗೆಯನ್ನು ನಾವು ಕಟ್ಟಬೇಕು. ಮೊದಲನೆಯದೇ ಇಡ್ಲಿ. ಮೇಲಿನ ತಟ್ಟೆಯ ಕುಳಿ ಕೆಳಗಿನ ತಟ್ಟೆಯ ಕುಳಿಯ ಮೇಲೆ ಕೂರಬಾರದು, ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಹಬೆ ಆಡುವುದಿಲ್ಲ. ಇದನ್ನು ಜಗತ್ತಿನ ಜನ ಒಂದು ಒಗಟೆಂದು ಬಿಡಿಸಿದ್ದಾರೆ ಎಂದು ನೆನೆದಾಗ ನನಗೆ ಆದ ಸಂತೋಷ ದೊಡ್ಡದು. ಅಡುಗೆ ಮನೆಯಲ್ಲಿ ಅಮ್ಮಂದಿರು ಕೈಯಲ್ಲಿಟ್ಟುಕೊಂಡಿದ್ದ ತಿಳಿವಳಿಕೆಗೆ ಬಾಫ್ಟಾ ಪ್ರಶಸ್ತಿ ಬಂತು, 2024ರಲ್ಲಿ, ಚೊಚ್ಚಲ ಆಟದ ವಿಭಾಗದಲ್ಲಿ.

ಮುಂದೆ ಮಗ ಕವಿನ್ ದೊಡ್ಡವನಾಗುತ್ತಾನೆ, ಅಮ್ಮನ ಭಾಷೆಗೆ ಬೆನ್ನು ಹಾಕುತ್ತಾನೆ. ಒಂದು ದಿನ ಒಬ್ಬನೇ ಅದೇ ಪುಸ್ತಕ ತೆರೆದು ಒಲೆಯ ಮುಂದೆ ನಿಂತರೆ ಅದರ ತಮಿಳು ಬರಹ ಅವನಿಗೆ ಪೂರ್ತಿ ದಕ್ಕುವುದಿಲ್ಲ. ಆ ಹೊತ್ತಿಗೆ ಕಂಟ್ರೋಲರ್ ನಮ್ಮ ಕೈಯಲ್ಲಿರುತ್ತದೆ, ತಡವರಿಸುವವರೂ ನಾವೇ. ಟೊರಾಂಟೊವರೆಗೆ ಹೋಗಬೇಕಾಗಿಲ್ಲ. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ಕನ್ನಡ ಮಾತಾಡುವ, ಅಜ್ಜಿಯ ಕನ್ನಡ ಕೈಬರಹ ಓದಲಾರದ ಮಕ್ಕಳು ಬೇಕಾದಷ್ಟಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಈ ಆಟವನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಬೇಕೆನಿಸುತ್ತದೆ.

ರೆಡ್ ಡೆಡ್ ಮುಗಿದ ಮೇಲೆ ಹೆಸರುಗಳ ಪಟ್ಟಿ ಬಹಳ ಹೊತ್ತು ಓಡುತ್ತದೆ. ಹೆಚ್ಚಿನವರು ಅಲ್ಲಿಗೆ ಟಿ.ವಿ. ಆರಿಸುತ್ತಾರೆ, ಕೂತು ಓದಬೇಕು. ಭಾರತೀಯ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಆ ಆಟದ ಒಂದು ಪಾಲಿನ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಅದನ್ನು ತಂದ ರಾಕ್‌ಸ್ಟಾರ್ ಕಂಪನಿಯ ರಾಕ್‌ಸ್ಟಾರ್ ಇಂಡಿಯಾದಲ್ಲಿ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಈ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು, 2019ರಲ್ಲಿ ರಾಕ್‌ಸ್ಟಾರ್‌ಗೇ ಸೇರಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ದೇಶದಲ್ಲೇ ಮೊದಲ ನೀತಿ ತಂದ ರಾಜ್ಯವೂ ನಮ್ಮದೇ, 2012ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟಿದ್ದರು. ಆಟ ಎಂದರೆ ಗಂಭೀರವಾದ ವಿದ್ಯೆ ಎಂದು ಬಗೆದ ನಾಡು ಇದು.

ಕೈ ನಮ್ಮಲ್ಲಿದೆ, ಕಸುಬೂ ಇದೆ. 1899ರ ಅಮೆರಿಕದ ಮಣ್ಣು, ಕೆಸರು, ಕುದುರೆಯ ಬೆವರನ್ನು ಕಟ್ಟುವ ಕೆಲಸದಲ್ಲಿ ಪಾಲು ಪಡೆದವರಿಗೆ 1960ರ ತುಮಕೂರಿನ ಒಂದು ಹಳ್ಳಿ ಕಟ್ಟುವುದು ಕಷ್ಟವಲ್ಲ. ಮನೆಮನೆಗೆ ಹೋಗಿ ಕೆಮ್ಮನ್ನು ಕೇಳಿಸಿಕೊಳ್ಳುವ ಆರೋಗ್ಯ ಕಾರ್ಯಕರ್ತೆ, ಸಾಲದ ಪುಸ್ತಕ ಹಿಡಿದ ಸಾಹುಕಾರ, ಅವನ ಪರವಾಗಿ ವಸೂಲಿಗೆ ಬಂದ ಹುಡುಗ. ಈ ಮೂವರಲ್ಲಿ ಯಾರಾಗಿ ಬೇಕಾದರೂ ಆಡಬಹುದು. ಎಲ್ಲರೂ ಕನ್ನಡ ಮಾತಾಡಲಿ, ತುಮಕೂರಿನವರು ಮಾತಾಡುವ ಕನ್ನಡ. ಹತ್ತು ಗಂಟೆಯ ಆಟ ಸಾಕು, ಕೊನೆ ಇರಲಿ. ಯಾರಾದರೂ ಮಾಡಿದರೆ ಪೂರ್ತಿ ಬೆಲೆ ಕೊಟ್ಟು ಎರಡು ಕೊಳ್ಳುತ್ತೇನೆ, ಒಂದು ಅಕ್ಕನ ಮಗನಿಗೆ.