ನೀರು, ರೊಟ್ಟಿ ಮತ್ತು ಜಾತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ‘ನೀವು ಯಾವ ಪೈಕಿ?’ ಅಂತ ಕೇಳದೆ ನೀರು ಕೊಡೋ ಮನೆ ಎಷ್ಟಿವೆ? ಮೆಥೊಡಿಸ್ಟ್ ಸಭೆಯ ಆರಾಧನೆಯನ್ನು ಈ ಪ್ರಶ್ನೆ ಇಟ್ಟುಕೊಂಡೇ ನೋಡಬೇಕು.

ಮೆಥೊಡಿಸ್ಟರಿಗೆ ಸಂಸ್ಕಾರಗಳು ಎರಡೇ: ದೀಕ್ಷಾಸ್ನಾನ, ಕರ್ತನ ಭೋಜನ. ಒಂದು ನೀರಿನದು, ಇನ್ನೊಂದು ಅನ್ನದ್ದು. ನಮ್ಮೂರುಗಳಲ್ಲಿ ಜಾತಿ ಕಾವಲು ಕೂತಿರೋದೂ ಇವೆರಡಕ್ಕೇ: ಬಾವಿಗೆ, ಪಂಕ್ತಿಗೆ. ಹಾಗಾಗಿ ಒಂದೇ ಸಾಲಿನಲ್ಲಿ ಮೊಣಕಾಲೂರಿ ಒಂದೇ ರೊಟ್ಟಿ ಹಂಚಿಕೊಂಡು ತಿನ್ನೋದು ಜಾತಿಗೆ ಹಾಕಿದ ಸವಾಲೇ.

ಆ ಸವಾಲು ತಾನಾಗಿ ಗೆಲ್ಲುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಮೆಥೊಡಿಸ್ಟ್ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ ಕರಿಯರನ್ನೇ ಎಳೆದು ಎಬ್ಬಿಸಿದರು. ಹೊರನಡೆದ ರಿಚರ್ಡ್ ಅಲೆನ್ ಮತ್ತು ಸಂಗಾತಿಗಳು 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್ ಕಟ್ಟಿದರು.

ಇಲ್ಲಿ ಕಾನೂನಿನದು ಇನ್ನೊಂದು ಆಟ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಮರಿಗೆ ತೆರೆದಿಲ್ಲ. ತಲೆಗೆ ನೀರು ಬಿತ್ತು, ಜಾತಿ ಹೋಯ್ತು ಅನ್ನುತ್ತದೆ ಸರ್ಕಾರದ ಕಾಗದ. ಊರು ಮಾತ್ರ ಕೇರಿಯ ಹೆಸರು ಹಿಡಿದೇ ಕರೆಯುತ್ತದೆ.

ಹಾಗಾದರೆ ದೀಕ್ಷಾಸ್ನಾನ ಸುಳ್ಳೆ? ಗೆಳೆಯರೆ, ಅದೊಂದು ಮಾತು ಕೊಡುವಿಕೆ. ಮಾತು ಕೊಟ್ಟವರೇ ಅದನ್ನು ನಿಜ ಮಾಡಬೇಕು. ಒಟ್ಟಿಗೆ ರೊಟ್ಟಿ ತಿಂದವರು ಹೆಣ್ಣು ಕೊಟ್ಟು ತರುವಾಗ ಮತ್ತೆ ‘ಯಾವ ಪೈಕಿ?’ ಅಂದರೆ, ಅವರು ತಿಂದದ್ದು ಬರೀ ರೊಟ್ಟಿ. ಭಾನುವಾರದ ಪಂಕ್ತಿ ಸೋಮವಾರ ನಮ್ಮ ಅಡುಗೆಮನೆಗೆ ಬರಲಿ. ಈ ಮಾತು ಚರ್ಚಿಗಷ್ಟೇ ಅಲ್ಲ, ಸಮಾನತೆಯ ಪ್ರತಿಜ್ಞೆ ಮಾಡಿದ ನಮ್ಮ ಸಂಘಟನೆಗಳಿಗೂ ಸಲ್ಲುತ್ತದೆ.